ಅರ್ಥ ಆಯ್ತಾ ಎಂದು ಕೇಳುವ ಮುನ್ನ

ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರ ಪಾಠದ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ: ದತ್ತಿ ಉಪನ್ಯಾಸದ ಪಠ್ಯ



ಈ ದತ್ತಿಯನ್ನು ಇಟ್ಟವರು ಒಬ್ಬ ಹೈಸ್ಕೂಲು ವಿಜ್ಞಾನ ಮೇಷ್ಟರ ಮಕ್ಕಳು. ತಂದೆಯ ಹೆಸರಿನಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ಪಾಠ ಹೇಳುವವರಿಗೂ ಕೇಳುವವರಿಗೂ ಅದು ಸಂಬಂಧಪಟ್ಟಿರಬೇಕು ಎಂಬುದಷ್ಟೇ ಅವರ ಷರತ್ತು. ಅದನ್ನು ಓದಿದಾಗಲೇ ನನ್ನ ವಿಷಯ ಗೊತ್ತಾಗಿಹೋಯಿತು. ನಾನು 27 ವರ್ಷದಿಂದ ಬಿ.ಎಸ್ಸಿ. ಮೊದಲ ವರ್ಷದ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತಿದ್ದೇನೆ. ಪಾಠದ ಕೊನೆಗೆ ‘ಅರ್ಥ ಆಯ್ತಾ?’ ಎಂದು ಕೇಳುವುದು ಬಹಳ ಕಾಲ ನನ್ನ ರೂಢಿಯಾಗಿತ್ತು. ‘ಆಯ್ತು ಮೇಡಂ’ ಎಂದು ಇಡೀ ಕ್ಲಾಸು ರಾಗವಾಗಿ ಹೇಳುವುದು ಅವರ ರೂಢಿಯಾಗಿತ್ತು. ಆ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕು, ಅದಕ್ಕಿಂತ ಒಳ್ಳೆಯ ಪ್ರಶ್ನೆ ಯಾವುದಾದರೂ ಇದೆಯೇ ಎಂಬುದನ್ನು ಈ ಹೊತ್ತು ನಿಮ್ಮೊಂದಿಗೆ ವಿಚಾರ ಮಾಡಬೇಕು ಎಂದುಕೊಂಡಿದ್ದೇನೆ. ನಾನು ಹೇಳುವ ಉದಾಹರಣೆಗಳಲ್ಲಿ ಬಹುಪಾಲು ಅಮೆರಿಕದವು. ಫಿಸಿಕ್ಸ್ ಕಲಿಯುವ ಹೊಸಬರು ಏನೆನ್ನುತ್ತಾರೆ, ಏನು ನಂಬುತ್ತಾರೆ ಎಂಬುದನ್ನು ಭೌತವಿಜ್ಞಾನಿಗಳೇ ಕೂತು, ಪ್ರಯೋಗಾಲಯದ ಕೆಲಸದಷ್ಟೇ ಶ್ರದ್ಧೆಯಿಂದ ಅಳೆದು ಬರೆದಿಟ್ಟದ್ದು ಅಲ್ಲಿ ಹೆಚ್ಚು.

ಎಲ್ಲಕ್ಕಿಂತ ಹೆಸರಾದ ಕೋರ್ಸಿನಿಂದಲೇ ಶುರು ಮಾಡುತ್ತೇನೆ. 1961ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಮೊದಲ ವರ್ಷದ ಸುಮಾರು 180 ಹುಡುಗರ ಮುಂದೆ ನಿಂತರು. ಹುಡುಗರು ಎಂದೇ ಹೇಳಬೇಕು. 1970ರವರೆಗೆ ಅಲ್ಲಿನ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ; ಈ ಮಾತನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಆಗ ಅಲ್ಲಿ ಯಾವ ವಿಷಯ ಆರಿಸಿಕೊಂಡವರಿಗೂ ಎರಡು ವರ್ಷ ಫಿಸಿಕ್ಸ್ ಕಡ್ಡಾಯವಾಗಿತ್ತು. ಸಾಪೇಕ್ಷತೆ, ಕ್ವಾಂಟಂ ಎಂದು ಪತ್ರಿಕೆಗಳಲ್ಲಿ ಓದಿ ಕಣ್ಣರಳಿಸಿ ಬಂದ ಹುಡುಗರು ಇಳಿಜಾರು ಹಲಗೆ, ಸ್ಥಾಯೀ ವಿದ್ಯುತ್ತುಗಳಲ್ಲೇ ಎರಡು ವರ್ಷ ಸವೆಸಿ ಉತ್ಸಾಹ ಕಳೆದುಕೊಳ್ಳುತ್ತಿದ್ದರು. ಕೋರ್ಸನ್ನು ಹೊಸದಾಗಿ ಕಟ್ಟಬೇಕೆಂಬ ಯೋಚನೆ ಹುಟ್ಟಿದ್ದು ಈ ಬೇಸರದಿಂದ. ವಾರಕ್ಕೆ ಎರಡರಂತೆ ಫೈನ್‌ಮನ್ ಎರಡು ವರ್ಷ ಉಪನ್ಯಾಸ ಕೊಟ್ಟರು. ಮಾತೆಲ್ಲ ಟೇಪಿಗೆ ಹೋಯಿತು, ಕಪ್ಪುಹಲಗೆಯ ಫೋಟೋ ತೆಗೆದರು, ರಾಬರ್ಟ್ ಲೇಟನ್ ಮತ್ತು ಮ್ಯಾಥ್ಯೂ ಸ್ಯಾಂಡ್ಸ್ ಅದನ್ನು ಬರಹಕ್ಕೆ ಇಳಿಸಿದರು. ಮೂರು ಸಂಪುಟಗಳು ಜಗತ್ತನ್ನೆಲ್ಲ ಸುತ್ತಿ ನಮ್ಮ ತಾಲ್ಲೂಕು ಕಾಲೇಜಿನ ಲೈಬ್ರರಿಗೂ ಬಂದವು.

ಆ ಪುಸ್ತಕಕ್ಕೆ 1963ರಲ್ಲಿ ಫೈನ್‌ಮನ್ ಬರೆದ ಮುನ್ನುಡಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಗೆದ್ದವನ ದನಿ ಇಲ್ಲ. ಪಾಠ ಹೇಗೆ ತಲುಪುತ್ತಿದೆ ಎಂದು ತಿಳಿಯಲು ಹುಡುಗರ ಕಡೆಯಿಂದ ತನಗೆ ಏನೂ ಬರುತ್ತಿರಲಿಲ್ಲ, ಅದೇ ದೊಡ್ಡ ತೊಡಕಾಗಿತ್ತು ಎನ್ನುತ್ತಾರೆ ಅವರು. ಪರೀಕ್ಷೆಯಲ್ಲಿ ಬಹುಪಾಲು ಹುಡುಗರು ಲೆಕ್ಕಗಳನ್ನು ಎದುರಿಸಿದ ರೀತಿ ನೋಡಿದರೆ ಈ ವ್ಯವಸ್ಥೆ ಸೋತಂತೆಯೇ ಎಂದು ಒಪ್ಪಿಕೊಳ್ಳುತ್ತಾರೆ. ಒಂದೆರಡು ಡಜನ್ ಹುಡುಗರಿಗಂತೂ ಎಲ್ಲವೂ ಹತ್ತಿತ್ತು ಎಂದು ಗೆಳೆಯರು ಸಮಾಧಾನ ಹೇಳಿದ್ದನ್ನೂ ಬರೆಯುತ್ತಾರೆ. ಆ ಸಮಾಧಾನ ಅವರಿಗೆ ಸಾಕಾದಂತೆ ಕಾಣುವುದಿಲ್ಲ. ಮುಂದೆ 1989ರಲ್ಲಿ ಡೇವಿಡ್ ಗುಡ್‌ಸ್ಟೀನ್ ಮತ್ತು ಜೆರ್ರಿ ನ್ಯೂಗೆಬಾವರ್ ಬರೆದ ಇನ್ನೊಂದು ಮುನ್ನುಡಿಯಲ್ಲಿ, ದಿನ ಕಳೆದಂತೆ ಮೊದಲ ವರ್ಷದ ಹುಡುಗರು ಕ್ಲಾಸಿಗೆ ಬರುವುದು ಕಡಿಮೆಯಾಯಿತು, ಅವರ ಜಾಗದಲ್ಲಿ ಸಂಶೋಧನ ವಿದ್ಯಾರ್ಥಿಗಳೂ ಅಧ್ಯಾಪಕರೂ ಬಂದು ಕೂತದ್ದರಿಂದ ಹಾಲ್ ತುಂಬಿಯೇ ಇತ್ತು ಎಂದಿದೆ. ಮೊದಲಿನಿಂದ ಜೊತೆಗಿದ್ದ ಸ್ಯಾಂಡ್ಸ್ ಬಹಳ ಕಾಲದ ಮೇಲೆ ಬರೆದ ನೆನಪುಗಳಲ್ಲಿ ಫೈನ್‌ಮನ್‌ರ ನಿರಾಶೆಯನ್ನು ಒಪ್ಪುವುದಿಲ್ಲ.

ಒಂದೊಂದು ಮಾತೂ ಟೇಪಿನಲ್ಲಿದೆ, ಹಲಗೆಯ ಮೇಲಿನ ಒಂದೊಂದು ಗೆರೆಯೂ ಫೋಟೋದಲ್ಲಿದೆ. ಆ ಬೆಂಚುಗಳಲ್ಲಿ ಕೂತವರಿಗೆ ಏನನ್ನಿಸಿತು ಎಂಬುದಕ್ಕೆ ಮಾತ್ರ ಆಮೇಲಿನ ನೆನಪುಗಳೇ ಹೆಚ್ಚಾಗಿ ಸಾಕ್ಷಿ, ಆ ನೆನಪುಗಳೂ ಒಂದಕ್ಕೊಂದು ಹೊಂದುವುದಿಲ್ಲ. ಆಗಲೇ ಹುಡುಗರನ್ನು ಕೂರಿಸಿಕೊಂಡು ಕೇಳಿದ್ದರೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಸರಿ, ಕೇಳಿದರೆ ಸಾಕೇ? ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರು 1984ರಿಂದ ಹೊಸ ವಿದ್ಯಾರ್ಥಿಗಳಿಗೆ ಫಿಸಿಕ್ಸ್ ಹೇಳುತ್ತಿದ್ದರು. ಅವರ ಪಾಠವೆಂದರೆ ಮಕ್ಕಳಿಗೆ ಇಷ್ಟ. ಟರ್ಮಿನ ಕೊನೆಯ ಅಭಿಪ್ರಾಯ ಪತ್ರಗಳಲ್ಲಿ ಒಳ್ಳೆಯ ಅಂಕಗಳು, ಕಷ್ಟದ ಲೆಕ್ಕಗಳನ್ನೂ ಮಕ್ಕಳು ಬಿಡಿಸುತ್ತಿದ್ದರು. 1990ರ ಹೊತ್ತಿಗೆ ಅವರ ಕೈಗೆ ಅರಿಜೋನಾದ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೀನ್ಸ್ 1985ರಲ್ಲಿ ಪ್ರಕಟಿಸಿದ್ದ ಲೇಖನಗಳು ಸಿಕ್ಕವು. ಒಂದು ವರ್ಷ ಫಿಸಿಕ್ಸ್ ಓದಿದ ಮೇಲೂ ಚಲನೆಯ ಬಗ್ಗೆ ವಿದ್ಯಾರ್ಥಿಗಳ ಹಳೆಯ ಸಹಜ ನಂಬಿಕೆಗಳು ಹಾಗೇ ಉಳಿದಿರುತ್ತವೆ ಎಂಬುದು ಅವುಗಳ ಸಾರ. ನನ್ನ ಮಕ್ಕಳು ಹಾಗಲ್ಲ ಎಂದುಕೊಂಡೇ ಮಜೂರ್ ಆ ಲೇಖನಗಳಲ್ಲಿ ಬಳಸಿದ್ದ ಪರೀಕ್ಷೆಯನ್ನು ತಮ್ಮ ಕ್ಲಾಸಿಗೂ ಕೊಟ್ಟರು.

ಅಂಥ ಪ್ರಶ್ನೆ ಹೇಗಿರುತ್ತದೆ ಎಂದು ನಮ್ಮ ರಸ್ತೆಯ ಮೇಲೆ ಇಟ್ಟು ಹೇಳುತ್ತೇನೆ. ಕೆಂಪು ಬಸ್ಸಿಗೂ ಸ್ಕೂಟರಿಗೂ ಡಿಕ್ಕಿಯಾಯಿತು. ಡಿಕ್ಕಿಯ ಕ್ಷಣದಲ್ಲಿ ಬಸ್ಸು ಸ್ಕೂಟರಿನ ಮೇಲೆ ಹಾಕಿದ ಬಲ ಹೆಚ್ಚೋ, ಸ್ಕೂಟರು ಬಸ್ಸಿನ ಮೇಲೆ ಹಾಕಿದ ಬಲ ಹೆಚ್ಚೋ, ಎರಡೂ ಸಮವೋ? ಸೂತ್ರ ಬೇಡ, ಲೆಕ್ಕ ಬೇಡ. ನ್ಯೂಟನ್ನನ ಮೂರನೆಯ ನಿಯಮವನ್ನು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದವರೂ ‘ಬಸ್ಸಿನದೇ ಹೆಚ್ಚು’ ಎನ್ನುತ್ತಾರೆ. ಎರಡೂ ಬಲಗಳು ಸಮ. ಸ್ಕೂಟರಿನ ದ್ರವ್ಯರಾಶಿ ಕಡಿಮೆ, ಆದ್ದರಿಂದ ಅಷ್ಟೇ ಬಲಕ್ಕೆ ಅದರ ವೇಗ ವಿಪರೀತ ಬದಲಾಗುತ್ತದೆ, ನಜ್ಜುಗುಜ್ಜಾಗುತ್ತದೆ. ನಾವು ಕಣ್ಣಾರೆ ನೋಡುವುದು ನಜ್ಜುಗುಜ್ಜನ್ನು, ಬಲವನ್ನಲ್ಲ. ಹಾಗಾಗಿ ತಪ್ಪು ಉತ್ತರದ ಹಿಂದೆ ದಡ್ಡತನವಿಲ್ಲ, ಒಂದು ಜೀವಮಾನದ ನೋಟವಿದೆ.

ಮಜೂರರ ಕ್ಲಾಸಿನಲ್ಲಿ ಆ ಪರೀಕ್ಷೆಯ ದಿನ ಒಬ್ಬ ವಿದ್ಯಾರ್ಥಿ ಎದ್ದು, ಈ ಪ್ರಶ್ನೆಗಳಿಗೆ ನೀವು ಹೇಳಿಕೊಟ್ಟಂತೆ ಉತ್ತರ ಬರೆಯಬೇಕೋ, ನನಗೆ ಅನ್ನಿಸಿದಂತೆ ಬರೆಯಬೇಕೋ ಎಂಬ ಅರ್ಥದಲ್ಲಿ ಕೇಳಿದ ಸಂಗತಿಯನ್ನು ಅವರು ಮತ್ತೆ ಮತ್ತೆ ಹೇಳಿದ್ದಾರೆ. ನನ್ನ ಮಟ್ಟಿಗೆ ಇಡೀ ವಿಷಯದ ನಟ್ಟನಡುವೆ ನಿಂತಿರುವುದು ಈ ಪ್ರಶ್ನೆ. ವಿದ್ಯಾರ್ಥಿಯ ಬಳಿ ಎರಡು ಅಭಿಪ್ರಾಯಗಳಿರುತ್ತವೆ. ಮೇಷ್ಟರ ಬಗ್ಗೆ, ಪಾಠದ ಬಗ್ಗೆ, ಪುಸ್ತಕದ ಬಗ್ಗೆ ಒಂದು. ಬೀಳುವ ಕಲ್ಲಿನ ಬಗ್ಗೆ, ಡಿಕ್ಕಿಯ ಬಗ್ಗೆ, ದೀಪ ಹತ್ತುವ ಬಗ್ಗೆ ಇನ್ನೊಂದು. ಮಜೂರರ ಅಭಿಪ್ರಾಯ ಪತ್ರಗಳು ಮೊದಲನೆಯದನ್ನು ಕೇಳಿದ್ದವು, ಮಕ್ಕಳು ಪ್ರಾಮಾಣಿಕವಾಗಿ ಒಳ್ಳೆಯದನ್ನೇ ಬರೆದಿದ್ದರು. ಎರಡನೆಯದು ಆ ಆರು ವರ್ಷ ಯಾರೂ ಮುಟ್ಟದೆ ಅವರ ತಲೆಯೊಳಗೇ ಉಳಿದಿತ್ತು.

ಆಮೇಲೆ ಮಜೂರ್ ಮಾಡಿದ್ದು ಸರಳ. ಒಂದು ಪ್ರಶ್ನೆಯನ್ನು ಎಷ್ಟು ವಿವರಿಸಿದರೂ ಮಕ್ಕಳ ಮುಖ ಅರಳದಿದ್ದಾಗ, ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಿ ಎಂದರು. ಹಾಲಿನಲ್ಲಿ ಗದ್ದಲವಾಯಿತು. ಎರಡು ನಿಮಿಷದಲ್ಲಿ ಉತ್ತರ ಅವರ ಕೈಗೆ ಬಂದಿತ್ತು. ಸರಿಯಾಗಿ ತಿಳಿದವಳು ಅದನ್ನು ಕಲಿತದ್ದು ಮೊನ್ನೆ ಮೊನ್ನೆ, ತಾನು ಎಲ್ಲಿ ಎಡವಿದ್ದೆ ಎಂಬುದು ಅವಳಿಗಿನ್ನೂ ನೆನಪಿದೆ. ಮೇಷ್ಟರಿಗೆ ಅದು ಮರೆತು ದಶಕಗಳಾಗಿವೆ. ಪ್ರಶ್ನೆ ಹಾಕುವುದು, ಒಬ್ಬೊಬ್ಬರೇ ಯೋಚಿಸಿ ಮತ ಹಾಕುವುದು, ಪಕ್ಕದವರೊಂದಿಗೆ ವಾದಿಸುವುದು, ಮತ್ತೆ ಮತ ಹಾಕುವುದು: ಈ ಕ್ರಮ ಆಮೇಲೆ ಎಷ್ಟೋ ದೇಶಗಳ ಕಾಲೇಜುಗಳಿಗೆ ಹೋಯಿತು. 1998ರಲ್ಲಿ ಇಂಡಿಯಾನಾದ ರಿಚರ್ಡ್ ಹೇಕ್ 62 ಕೋರ್ಸುಗಳ, 6,542 ವಿದ್ಯಾರ್ಥಿಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಕೋರ್ಸಿನ ಶುರುವಿನಲ್ಲಿ ಕಲಿಯಲು ಬಾಕಿ ಇದ್ದದ್ದು ನೂರು ಪಾಲು ಎಂದಿಟ್ಟುಕೊಂಡರೆ, ಬರೀ ಉಪನ್ಯಾಸದ ಕೋರ್ಸುಗಳಲ್ಲಿ ಸರಾಸರಿ 23 ಪಾಲು ಕಲಿತಿದ್ದರು, ವಿದ್ಯಾರ್ಥಿಗಳು ಚರ್ಚಿಸಿ ಕೈಯಾರೆ ಮಾಡಿದ ಕೋರ್ಸುಗಳಲ್ಲಿ 48 ಪಾಲು.

ಇಲ್ಲಿ ಕನ್ನಡ, ಇತಿಹಾಸ ಹೇಳುವ ಮೇಷ್ಟರು ಬಹಳ ಮಂದಿ ಕೂತಿದ್ದೀರಿ. ನಿಮಗಾಗಿ ಒಂದು ಪುಸ್ತಕದ ಮಾತು. ಶೀಲಾ ಟೋಬಿಯಾಸ್ 1990ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪುಸ್ತಕ ಅದು; ಅದಕ್ಕಾಗಿ ಅವರು ಒಂದು ಕೆಲಸ ಮಾಡಿದರು. ಸಾಹಿತ್ಯ, ತತ್ತ್ವಶಾಸ್ತ್ರದಂಥ ವಿಷಯಗಳಲ್ಲಿ ಚೆನ್ನಾಗಿ ಓದಿದ, ವಿಜ್ಞಾನ ಬಿಟ್ಟುಬಂದ ಕೆಲವರನ್ನು ಹುಡುಕಿ, ಸಂಭಾವನೆ ಕೊಟ್ಟು, ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಮೊದಲ ಕೋರ್ಸಿನಲ್ಲಿ ನಿಜವಾದ ವಿದ್ಯಾರ್ಥಿಗಳಂತೆ ಕೂರಿಸಿದರು. ಹೋಂವರ್ಕ್ ಮಾಡಬೇಕು, ಪರೀಕ್ಷೆ ಬರೆಯಬೇಕು, ಜೊತೆಗೆ ದಿನಚರಿ ಇಡಬೇಕು. ಬುದ್ಧಿವಂತರು, ಬರೆಯಬಲ್ಲವರು, ಅಂಕದ ಭಯ ಇಲ್ಲದವರು. ಇವರಿಗಿಂತ ಒಳ್ಳೆಯ ಸಾಕ್ಷಿಗಳು ಎಲ್ಲಿ ಸಿಗಬೇಕು? ಫಿಸಿಕ್ಸ್ ಕಷ್ಟ ಎಂಬುದು ಅವರ ಮುಖ್ಯ ದೂರಾಗಿರಲಿಲ್ಲ. ಲೆಕ್ಕ ಹೇಗೆ ಬಿಡಿಸುವುದೆಂದು ಹೇಳುತ್ತಾರೆ, ಈ ಪ್ರಶ್ನೆಯನ್ನು ಯಾಕೆ ಕೇಳಬೇಕು ಎಂದು ಹೇಳುವುದಿಲ್ಲ ಎಂದರು. ಇವತ್ತಿನ ಪಾಠ ನಿನ್ನೆಯದರಿಂದ ಹೇಗೆ ಬಂತು, ನಾಳೆ ಎಲ್ಲಿಗೆ ಹೋಗುತ್ತದೆ ಎಂಬ ದಾರಿ ಕಾಣುವುದಿಲ್ಲ ಎಂದರು. ಪಕ್ಕದಲ್ಲಿ ಕೂತವನು ಗೆಳೆಯನಾಗುವ ಬದಲು ಎದುರಾಳಿಯಾಗುತ್ತಾನೆ ಎಂದರು.

ಆ ಕೊನೆಯ ದೂರು ನನ್ನನ್ನು ತಟ್ಟಿತು. ಕವಿತೆಯೊಂದನ್ನು ಓದಿದ ಕ್ಲಾಸು ಅದರ ಬಗ್ಗೆ ಜಗಳವಾಡಿಕೊಂಡು ಕಾರಿಡಾರಿಗೆ ಬರುವುದನ್ನು ನಾನು ನಮ್ಮ ಕಾಲೇಜಿನಲ್ಲೇ ನೋಡಿದ್ದೇನೆ. ನನ್ನ ಕ್ಲಾಸಿನಿಂದ ಹೊರಬಂದವರು ಡೆರಿವೇಶನ್ ಎಷ್ಟು ಮಾರ್ಕಿಗೆ ಬರುತ್ತದೆ ಎಂದು ಮಾತಾಡುತ್ತಿದ್ದರು.

ನೋವಿನ ಸಂಗತಿ ಇನ್ನೊಂದಿದೆ. ಮೇರಿಲ್ಯಾಂಡಿನ ಎಡ್ವರ್ಡ್ ರೆಡಿಶ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಆರು ವಿದ್ಯಾಸಂಸ್ಥೆಗಳ ಸುಮಾರು 1,500 ವಿದ್ಯಾರ್ಥಿಗಳನ್ನು ಕೋರ್ಸಿನ ಮೊದಲೂ ಆಮೇಲೂ ಕೇಳಿದರು: ಫಿಸಿಕ್ಸ್ ಎಂದರೆ ಬಿಡಿ ಬಿಡಿ ಸೂತ್ರಗಳ ಗಂಟೋ, ಒಂದಕ್ಕೊಂದು ಹೆಣೆದುಕೊಂಡ ವಿಚಾರಗಳೋ? ಹೊರಗಿನ ಜಗತ್ತಿಗೂ ಇದಕ್ಕೂ ಸಂಬಂಧ ಉಂಟೋ? ಮೊದಲ ಸೆಮಿಸ್ಟರು ಮುಗಿದಾಗ ಉತ್ತರಗಳು ಒಟ್ಟಾರೆ ಕೆಟ್ಟಿದ್ದವು. 2006ರಲ್ಲಿ ಕೊಲರಾಡೋದಲ್ಲಿ, ನೊಬೆಲ್ ಪಡೆದ ಕಾರ್ಲ್ ವೀಮನ್ ಅವರೂ ಇದ್ದ ಗುಂಪು 42 ಹೇಳಿಕೆಗಳ ಇನ್ನೊಂದು ಸಮೀಕ್ಷೆಯನ್ನು ಪ್ರಕಟಿಸಿತು. ಅಲ್ಲಿಯೂ ವಾಡಿಕೆಯ ಕೋರ್ಸು ಮುಗಿಸಿದವರ ನಿಲುವು ಭೌತವಿಜ್ಞಾನಿಗಳ ನಿಲುವಿನಿಂದ ಇನ್ನಷ್ಟು ದೂರ ಸರಿದಿತ್ತು. ಕುತೂಹಲದಿಂದ ಬಂದ ಮಗು ನಮ್ಮ ಕೈಯಲ್ಲಿ ಆರು ತಿಂಗಳಿದ್ದು, ಬಂದಾಗ ಇದ್ದಷ್ಟು ಕುತೂಹಲವೂ ಇಲ್ಲದೆ ಹೋಗುತ್ತದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಮಕ್ಕಳಿಗೆ ಹಿಡಿಸಿದಂತೆ ಹೇಳಿಕೊಟ್ಟರೆ ಆಯಿತಲ್ಲ ಎಂದು ಕೇಳಬಹುದು. 2019ರಲ್ಲಿ ಹಾರ್ವರ್ಡ್‌ನಲ್ಲಿಯೇ ಲೂಯಿ ಡೆಲೊರಿಯೇ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಈ ಮಾತನ್ನು ಪರೀಕ್ಷಿಸಿತು. ಪ್ರಾರಂಭಿಕ ಫಿಸಿಕ್ಸ್ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನುರಿತ ಅಧ್ಯಾಪಕರ ಸೊಗಸಾದ ಉಪನ್ಯಾಸ. ಇನ್ನೊಂದಕ್ಕೆ ಅದೇ ವಿಷಯ, ಅದೇ ಹಾಳೆಗಳು, ಆದರೆ ಮೊದಲು ಚಿಕ್ಕ ಚಿಕ್ಕ ಗುಂಪುಗಳಲ್ಲಿ ತಾವೇ ಲೆಕ್ಕದೊಂದಿಗೆ ಗುದ್ದಾಡಬೇಕು, ವಿವರಣೆ ಆಮೇಲೆ. ಮುಂದಿನ ವಿಷಯಕ್ಕೆ ಗುಂಪುಗಳನ್ನು ಅದಲುಬದಲು ಮಾಡಿದರು. ಪರೀಕ್ಷೆಯಲ್ಲಿ ಗುದ್ದಾಡಿದವರು ಹೆಚ್ಚು ಕಲಿತಿದ್ದರು. ನೀವು ಎಷ್ಟು ಕಲಿತಿರಿ ಎಂದು ಕೇಳಿದರೆ ಉಪನ್ಯಾಸ ಕೇಳಿದವರೇ ‘ಹೆಚ್ಚು’ ಎಂದರು. ಸರಾಗವಾಗಿ ಹರಿಯುವ ಮಾತನ್ನು ಕೇಳುವಾಗ ಅದು ತನಗೂ ಅಷ್ಟೇ ಸರಾಗ ಎಂದು ಕೇಳುಗನಿಗೆ ಅನ್ನಿಸಿಬಿಡುತ್ತದೆ. ತಾನೇ ಮಾಡಹೊರಟು ತಡವರಿಸಿದವನಿಗೆ ತಡವರಿಸಿದ್ದೇ ಮನಸ್ಸಿನಲ್ಲಿ ಉಳಿಯುತ್ತದೆ. ಈಜು ಕಲಿಯುವವನು ನೀರು ಕುಡಿದ ದಿನವೇ ಹೆಚ್ಚು ಕಲಿತಿರುತ್ತಾನೆ. ಆ ಸಂಜೆ ಅವನನ್ನು ಕೇಳಿದರೆ ಏನೆಂದಾನು?

ಹಾಗೆಂದು ಮಕ್ಕಳ ಮಾತಿಗೆ ಬೆಲೆಯಿಲ್ಲ ಎಂದು ತೀರ್ಮಾನಿಸುವವರ ಜೊತೆ ನಾನಿಲ್ಲ. ಅದೇ ಪ್ರಯೋಗದವರು ಮಾಡಿದ ಮುಂದಿನ ಕೆಲಸ ನೋಡಿ. ಟರ್ಮಿನ ಶುರುವಿನಲ್ಲೇ ಇದನ್ನೆಲ್ಲ ವಿದ್ಯಾರ್ಥಿಗಳ ಮುಂದೆ ಬಿಚ್ಚಿಟ್ಟರು: ಕಷ್ಟ ಅನ್ನಿಸುತ್ತದೆ, ಕಲಿಯುತ್ತಿಲ್ಲ ಅನ್ನಿಸುತ್ತದೆ, ಅಳತೆ ಮಾಡಿದರೆ ಹೀಗಿದೆ ಎಂದು. ಆಮೇಲೆ ವಿದ್ಯಾರ್ಥಿಗಳ ಧೋರಣೆ ಬದಲಾಯಿತು. ಹದಿನೆಂಟರ ಮಕ್ಕಳಿಗೆ ನಿಜ ಹೇಳಿದರೆ ನಿಜ ತಿಳಿಯುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಅದರ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ ಮೊದಲ ಪ್ರಶ್ನೆ, ಸಿಲಬಸ್ ಎಷ್ಟು ಭಾಗ ಮುಗಿಸಿದರು ಎಂಬುದು. ಕೇಳಬೇಕಾದ ಪ್ರಶ್ನೆಯೇ; ಪಾಠವನ್ನೇ ಮಾಡದಿದ್ದರೆ ಮಕ್ಕಳು ಎಲ್ಲಿಗೆ ಹೋಗಬೇಕು? ಆದರೆ ಬೋಧನೆಯ ಮಾತಿಗೆ ಅದೇ ಬಾಗಿಲಾದರೆ, ‘ಪೋರ್ಷನ್ ಮುಗೀತಾ’ ಎಂಬ ಆತಂಕ ಮೇಷ್ಟರಿಂದ ಮಕ್ಕಳಿಗೂ ಹರಡುತ್ತದೆ. ನನ್ನ ಮಕ್ಕಳ ಬಾಯಲ್ಲಿ ನಾನು ವರ್ಷ ವರ್ಷವೂ ಕೇಳಿದ ಅಭಿಪ್ರಾಯಗಳು ಮೂರೋ ನಾಲ್ಕೋ. ‘ಥಿಯರಿ ಪರವಾಗಿಲ್ಲ, ಪ್ರಾಬ್ಲಂ ಬರಲ್ಲ.’ ‘ಮ್ಯಾಥ್ಸ್ ಇನ್ನೂ ಆಗಿಲ್ಲ, ಫಿಸಿಕ್ಸಲ್ಲಿ ಇಂಟಿಗ್ರೇಶನ್ ಬಂದ್ಬಿಡ್ತು.’ ‘ಲ್ಯಾಬ್ ಈಜಿ ಮೇಡಂ.’ ಮೂರನೆಯದನ್ನು ಕೇಳಿ ನಾನು ಮೊದಮೊದಲು ಸಂತೋಷಪಡುತ್ತಿದ್ದೆ. ಲ್ಯಾಬ್ ಯಾಕೆ ಸುಲಭ ಎಂದು ಒಮ್ಮೆ ಕೂತು ವಿಚಾರಿಸಿದಾಗ ತಿಳಿಯಿತು: ಬಾರ್ ಪೆಂಡುಲಮ್‌ನಲ್ಲಿ ಕೊನೆಗೆ ಗುರುತ್ವ ವೇಗೋತ್ಕರ್ಷ 9.8 ಬರಬೇಕೆಂದು ಎಲ್ಲರಿಗೂ ಗೊತ್ತು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ಸ್ ಬರೆಯುತ್ತಾರೆ. 9.3 ಬಂದ ಹುಡುಗಿಯೊಬ್ಬಳು ರೆಕಾರ್ಡನ್ನು ಮುಚ್ಚಿಕೊಂಡು ನಿಂತಿದ್ದಳು. ಆ ಬ್ಯಾಚಿನಲ್ಲಿ ನಿಜವಾಗಿ ಅಳೆದವಳು ಅವಳೊಬ್ಬಳೇ ಆಗಿದ್ದಳು.

ನಾಲ್ಕನೆಯ ಅಭಿಪ್ರಾಯವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ವೇಗೋತ್ಕರ್ಷ ಗೊತ್ತು, ಜಡತ್ವ ಗೊತ್ತು. ಪಿಯುಸಿಗೆ ಬಂದ ದಿನ ಅವೆಲ್ಲ ಹೆಸರು ಬದಲಿಸಿಕೊಂಡು ಅಪರಿಚಿತವಾಗುತ್ತವೆ. ಡಿಗ್ರಿಗೆ ಬರುವ ಹೊತ್ತಿಗೆ ಆ ಮಗು, ತನಗೆ ಫಿಸಿಕ್ಸ್ ಬರುವುದಿಲ್ಲ ಎಂದು ನಂಬಿಬಿಟ್ಟಿರುತ್ತದೆ. ಕೆಲವು ಸಲ ಬಾರದೆ ಇರುವುದು ಇಂಗ್ಲಿಷ್ ಮಾತ್ರ. ಕನ್ನಡದಲ್ಲಿ ಹೇಳಿದೊಡನೆ ಎಲ್ಲ ತಿಳಿಯಾಗುತ್ತದೆ ಎಂದೂ ಅಲ್ಲ. ಭೌತಶಾಸ್ತ್ರದಲ್ಲಿ ಬಲ ಬೇರೆ, ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ಮನೆಯಲ್ಲಿ? ‘ಮೈಯಲ್ಲಿ ಬಲ ಇಲ್ಲ’ ಎಂದರೂ ‘ಶಕ್ತಿ ಇಲ್ಲ’ ಎಂದರೂ ಒಂದೇ. ಮಗು ಈ ಮನೆಮಾತನ್ನು ಹೊತ್ತುಕೊಂಡೇ ಕ್ಲಾಸಿಗೆ ಬರುತ್ತದೆ. ಅದನ್ನು ಬಾಗಿಲಲ್ಲಿ ಬಿಟ್ಟು ಬಾ ಎನ್ನುವುದಕ್ಕಿಂತ ಒಳಗೆ ಕರೆದು ಬೆಂಚಿನ ಮೇಲೆ ಕೂರಿಸುವುದು ಒಳ್ಳೆಯದು ಎಂದು ನನಗೆ ತಡವಾಗಿ ಹೊಳೆಯಿತು.

ಕೆಲವು ವರ್ಷಗಳಿಂದ ನಾನು ‘ಅರ್ಥ ಆಯ್ತಾ’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಪೀರಿಯಡ್ ಮುಗಿಯಲು ಐದು ನಿಮಿಷ ಇರುವಾಗ ಅರ್ಧ ಹಾಳೆ ಕೊಟ್ಟು, ಇವತ್ತು ನಾನು ಹೇಳಿದ್ದರಲ್ಲಿ ನಿಮಗೆ ಒಪ್ಪಲಾಗದ ಮಾತು ಯಾವುದು, ಬರೆಯಿರಿ ಎನ್ನುತ್ತೇನೆ. ಹೆಸರು ಬೇಡ, ಕನ್ನಡವಾದರೂ ಸರಿ. ಮೊದಲ ವಾರ ‘ಎಲ್ಲ ಚೆನ್ನಾಗಿತ್ತು ಮೇಡಂ’ ಎಂದೇ ಬರೆದರು. ಮೇಷ್ಟರ ಮಾತನ್ನು ಒಪ್ಪದಿರುವುದಕ್ಕೆ ನಮ್ಮಲ್ಲಿ ಮಕ್ಕಳಿಗೆ ರೂಢಿಯಿಲ್ಲ. ಒಂದು ತಿಂಗಳು ಬೇಕಾಯಿತು.

‘ಕೆಲಸ’ ಎಂಬ ಪಾಠ ಮಾಡಿದ ದಿನ ಒಂದು ಚೀಟಿ ಬಂತು. ತಲೆಯ ಮೇಲೆ ಕೊಡ ಹೊತ್ತು ಮಟ್ಟಸವಾದ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದರೆ ಕೊಡದ ಮೇಲೆ ಆಗುವ ಕೆಲಸ ಸೊನ್ನೆ ಎಂದಿದ್ದೆ. ಬಲ ಮೇಲಕ್ಕೆ, ಚಲನೆ ಮುಂದಕ್ಕೆ, ಎರಡಕ್ಕೂ ನಡುವೆ ಲಂಬಕೋನ. ಚೀಟಿಯಲ್ಲಿ ಹೀಗಿತ್ತು: ‘ನಮ್ಮಮ್ಮ ದಿನಾ ಹತ್ತು ಕೊಡ ನೀರು ತರ್ತಾರೆ. ಇದನ್ನ ಅವರಿಗೆ ಹೇಗೆ ಹೇಳಲಿ?’

ಮಾರನೆಯ ದಿನ ಆ ಚೀಟಿಯನ್ನು ಓದಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗ, ಸೊನ್ನೆ ಆಗಿದ್ದರೆ ಬೆವರು ಯಾಕೆ ಬರುತ್ತೆ ಎಂದ. ಅಲ್ಲಿಂದ ಸ್ನಾಯುವಿನ ಮಾತು ಬಂತು: ಭಾರ ಹೊತ್ತು ಸುಮ್ಮನೆ ನಿಂತರೂ ಸ್ನಾಯುವಿನ ಎಳೆಗಳು ಒಳಗೊಳಗೇ ಬಿಗಿಯುತ್ತ, ಸಡಿಲಿಸುತ್ತ ಇರುತ್ತವೆ, ಉಂಡ ಅನ್ನದ ಶಕ್ತಿ ಅಲ್ಲಿ ಉರಿದು ಶಾಖವಾಗುತ್ತದೆ, ಅದರಲ್ಲಿ ಕೊಡಕ್ಕೆ ಸೇರುವುದು ಏನೂ ಇಲ್ಲ. ಹಾಗಾದರೆ ಅಮ್ಮನ ಲೆಕ್ಕ ಬೇರೆ, ಕೊಡದ ಲೆಕ್ಕ ಬೇರೆ ಎಂದು ಒಬ್ಬಳು ಹಲಗೆಯ ಬಳಿ ಬಂದು ಎರಡು ಕಾಲಂ ಹಾಕಿದಳು. ಮೂರನೆಯ ಬೆಂಚಿನಿಂದ ಇನ್ನೊಬ್ಬಳು ಎದ್ದು, ‘ಮೇಡಂ, ನಡೀವಾಗ ಕೊಡ ತುಳುಕುತ್ತಲ್ಲ, ಹೆಜ್ಜೆಗೊಂದು ಸಲ ಮೇಲೆ ಹೋಗಿ ಕೆಳಗೆ ಬರುತ್ತೆ. ಮೇಲೆ ಹೋಗುವಾಗ ಎತ್ತಿದ ಕೆಲಸ ಎಲ್ಲಿ ಹೋಯ್ತು? ನೀವು ಸೊನ್ನೆ ಅಂದಿದ್ದು ಪೂರ್ತಿ ಸರಿ ಅಲ್ಲ’ ಎಂದಳು.

ಸರಿಯಾಗಿಯೇ ಹೇಳಿದ್ದಳು. ಕೆಳಗೆ ಬರುವಾಗ ಕೊಡ ಹಿಂದಿರುಗಿಸುವುದನ್ನು ನಮ್ಮ ಸ್ನಾಯುಗಳು ಸ್ಪ್ರಿಂಗಿನಂತೆ ಪೂರ್ತಿ ಜಮಾ ಮಾಡಿಕೊಳ್ಳಲಾರವು. ಒಂದು ಹೆಜ್ಜೆಗೆ ಕೊಡ ಎಷ್ಟು ಮೇಲೇಳುತ್ತದೆ ಎಂದು ಅಳೆಯಲು ಹುಡುಗರು ಲ್ಯಾಬಿನಿಂದ ಸ್ಕೇಲ್ ತಂದರು. ಕಾಲೇಜಿನ ಹಿಂದಿನ ನಲ್ಲಿಯಿಂದ ಒಂದು ಕೊಡ ನೀರೂ ಬಂತು. ಚೀಟಿ ಬರೆದವಳು ಯಾರೆಂದು ಅವತ್ತು ತಾನಾಗಿಯೇ ಗೊತ್ತಾಯಿತು; ಹೊತ್ತು ನಡೆಯಲು ಸರಾಗವಾಗಿ ಬರುತ್ತಿದ್ದುದು ಅವಳಿಗೊಬ್ಬಳಿಗೇ. ಎರಡು ಪೀರಿಯಡ್ ಕಳೆದವು. ಆ ತಿಂಗಳ ಪೋರ್ಷನ್ ಮುಗಿಯಲಿಲ್ಲ.